ಅಪ್ಪ ತಿನ್ನಲಾಗದ ಪಾವು

ಆ ದಿನಗಳಲ್ಲಿ ಭಾನುವಾರ ಎಂದರೆ ನಮಗೆ ಹೊಗೆಯ ವಾಸನೆ. ಹುಬ್ಬಳ್ಳಿಯ ನಮ್ಮ ಬಾಡಿಗೆ ಮನೆಯಲ್ಲಿ ಮಾಂಸ ಬೇಯಿಸುವಂತಿರಲಿಲ್ಲ. ಅದಕ್ಕೇ ಚರ್ಚ್ ಮುಗಿಸಿ, ಅಪ್ಪ ವೆಲ್ಡಿಂಗ್ ಮಾಡುತ್ತಿದ್ದ ತಾರಿಹಾಳದ ಶೆಡ್ಡಿಗೆ ಹೋಗುತ್ತಿದ್ದೆವು. ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಮೇಲೆ ಜಾಳಿಗೆ ಕೂಡಿಸಿ ಅಪ್ಪನೇ ಒಲೆ ಮಾಡಿದ್ದ. ಬ್ಯಾಡಗಿ ಮೆಣಸಿನಕಾಯಿ, ಬೆಲ್ಲ, ಹುಣಸೆಹುಳಿ ಸವರಿದ ಹಂದಿಮಾಂಸ ಕೆಂಡದ ಮೇಲೆ ಬೇಯುತ್ತಿದ್ದರೆ, ನಾನೂ ತಂಗಿಯೂ ನಟ್ಟುಗಳನ್ನು ಕುರಿ, ಬೋಲ್ಟುಗಳನ್ನು ಹುಲಿ ಮಾಡಿಕೊಂಡು ಹುಲಿ-ಕುರಿ ಆಡುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಅಪ್ಪ ತಟ್ಟೆಯನ್ನು ಬದಿಗೆ ಸರಿಸತೊಡಗಿದ.

“ಖಂಡ ಬಿರಸ ಆಗೇತಿ. ಅಗಿಯಾಕ ಬರವಲ್ದು.”

ಅವ್ವನಿಗೆ ಅವಮಾನವಾಯಿತು. ಮುಂದಿನ ವಾರ ಇನ್ನಷ್ಟು ಹೊತ್ತು ಬೇಯಿಸಿದಳು. ಆಗಲೂ ಅದೇ ಮಾತು. ಖಂಡದಂಗಡಿಯವನಿಗೆ ಬೈದಳು, ಇದ್ದಿಲಿಗೆ ಬೈದಳು, ಕೊನೆಗೆ ತನ್ನ ಕೈಗುಣವೇ ಕೆಟ್ಟಿದೆ ಎಂದು ನಂಬಿಬಿಟ್ಟಳು. ಅಪ್ಪನ ದವಡೆಯಲ್ಲಿ ಸದಾ ಇರುತ್ತಿದ್ದ ಗುಟ್ಖಾದ ಕಡೆ ಯಾರ ಲಕ್ಷ್ಯವೂ ಹೋಗಲಿಲ್ಲ.

ಕಡೆಗೊಂದು ಭಾನುವಾರ ಅವ್ವ ಚರ್ಚಿಗೂ ಹೋಗದೆ ಬೆಳಿಗ್ಗೆಯೇ ಡ್ರಮ್ಮಿಗೆ ಬೆಂಕಿ ಹಾಕಿದಳು. ಮುಟ್ಟಿದರೆ ಬಿಚ್ಚಿಕೊಳ್ಳುವಷ್ಟು ಬೆಂದ ಮಾಂಸವನ್ನು, ಬಿಸಿ ಲೆಕ್ಕಿಸದೆ, ಬೆರಳಿನಿಂದಲೇ ಎಳೆ ಎಳೆಯಾಗಿ ಬಿಡಿಸಿದಳು. ಎಲೆಕೋಸು, ಗಜ್ಜರಿ ಸಣ್ಣಗೆ ಹೆರೆದು ಮೊಸರು, ಲಿಂಬೆರಸದಲ್ಲಿ ಕಲಸಿದಳು. ಬೇಕರಿಯ ಮೆತ್ತನೆಯ ಪಾವು ಸೀಳಿ, ಎರಡನ್ನೂ ಅದರೊಳಗೆ ತುಂಬಿ ಅಪ್ಪನ ಕೈಗಿಟ್ಟಳು.

“ಇದಕ್ಕ ಹಲ್ಲ ಸುದ್ದಾ ಬ್ಯಾಡ್ರಿ. ತಿಂದ ನೋಡ್ರಿ.”

ಅಪ್ಪ ಪಾವನ್ನು ಬಾಯಿಗೆ ಒಯ್ದ. ಬಾಯಿ ತೆರೆಯಲಿಲ್ಲ. ಒತ್ತಿ ನೋಡಿದ, ಮೊಸರು ಗದ್ದಕ್ಕೆ ಇಳಿಯಿತು. ಅಪ್ಪ ಆಟ ಆಡುತ್ತಿದ್ದಾನೆಂದು ತಂಗಿ ನಕ್ಕಳು. ಅವ್ವ ನಗಲಿಲ್ಲ. ಅವನ ಹಲ್ಲುಗಳ ನಡುವೆ ಬೆರಳು ಇಟ್ಟಳು. ಒಂದೇ ಬೆರಳು ಹಿಡಿಯಿತು.

“ಯಾವಾಗಿಂದ ಹಿಂಗ ಆಗೇತ್ರಿ?”

“ಭಾಳ ದಿನ ಆತು. ನೀ ಅಂಜತಿ ಅಂತ ಹೇಳಲಿಲ್ಲ,” ಎಂದ ಅಪ್ಪ ತಲೆ ತಗ್ಗಿಸಿ. “ಖಂಡ ಎಂದೂ ಬಿರಸ ಇರಲಿಲ್ಲ.”

ತನ್ನ ಬಾಯಿಯ ರೋಗವನ್ನು ಅವ್ವನ ಅಡುಗೆಯ ಮೇಲೆ ಹಾಕಿದನಲ್ಲ ಎಂಬ ಸಿಟ್ಟು ನನಗೆ ಇನ್ನೂ ಆರಿಲ್ಲ. ಆದರೆ ಸಿಟ್ಟು ಮಾಡಲು ಅವನೇ ಇಲ್ಲ. ದವಾಖಾನೆಯಲ್ಲಿ ಬಾಯಿ ಕ್ಯಾನ್ಸರ್ ಎಂದರು; ಆ ವರ್ಷದ ಕ್ರಿಸ್‌ಮಸ್ಸಿಗೆ ಮೊದಲೇ ಹೋಗಿಬಿಟ್ಟ.

ಶೆಡ್ಡು ಬೇರೆಯವರದಾಯಿತು, ಡ್ರಮ್ಮು ಗುಜರಿಗೆ ಹೋಯಿತು. ಈಗ ನಮ್ಮದೇ ಮನೆ ಇದೆ, ಏನು ಬೇಯಿಸಿದರೂ ಕೇಳುವವರಿಲ್ಲ. ನಮ್ಮ ಹಲ್ಲೂ ಗಟ್ಟಿ ಇವೆ. ಆದರೂ ಅವ್ವ ಮಾಂಸವನ್ನು ಎಳೆ ಎಳೆ ಬಿಡಿಸಿಯೇ ಬಡಿಸುತ್ತಾಳೆ. ಮೊದಲ ತುತ್ತು ಒಳಗೆ ಹೋಗುವವರೆಗೆ ನಮ್ಮ ಬಾಯನ್ನೇ ನೋಡುತ್ತ ನಿಂತಿರುತ್ತಾಳೆ.