ಅಸಲಿ ಇರಾನಿ

ಭಾಲ್ಕಿ ಸ್ಟೇಶನ್ನಿನ ಹೊರಗೆ ಚಷ್ಮಾ ಮಾರುವ ರಹೀಮುನ್ನಿಸಾಳ ಬಾಯಿ ಊರಿಗೆಲ್ಲ ಗೊತ್ತು. ಗಿರಾಕಿ ಚೌಕಾಸಿಗೆ ಇಳಿದರೆ ಸಾಕು, "ನಾವು ಅಸಲಿ ಇರಾನಿ ಮಂದಿರಿ, ನಕಲಿ ಮಾಲು ಮುಟ್ಟಂಗಿಲ್ಲ!" ಎಂದು ಎದೆ ತಟ್ಟಿಕೊಳ್ಳುತ್ತಿದ್ದಳು. ಇರಾನ್ ಯಾವ ದಿಕ್ಕಿಗಿದೆ ಎಂದು ಕೇಳಿದ್ದರೆ, ಪಾಪ, ಔರಾದದ ಬಸ್ಸು ಹೋಗುವ ಕಡೆ ಕೈ ತೋರಿಸುತ್ತಿದ್ದಳೇನೋ. ಇರಾನಿನಿಂದ ಬಂದವನು ಅವಳ ಅಜ್ಜ, ಅವಳ ಬಾಯಲ್ಲಿ ದಾದಾ, ಕುತುಬೋದ್ದೀನ ಇರಾನಿ. ನಿಜಾಮನ ಕಾಲದಲ್ಲಿ ಚಾಕು, ಚಷ್ಮಾ ಮಾರುತ್ತ ಬಂದು ಇಲ್ಲೇ ಮಣ್ಣಾದ. ಅಪ್ಪ ಹುಟ್ಟಿದ್ದು ಭಾಲ್ಕಿಯಲ್ಲಿ, ಇವಳೂ ಇಲ್ಲೇ.

ಆ ಜಂಬದ ಮಾತೇ ಕುತ್ತಿಗೆಗೆ ಬಂತು. ಯಾವನೋ ಪುಣ್ಯಾತ್ಮ ತಕರಾರು ಬರೆದುಕೊಟ್ಟ: ಈಕೆ ಪರದೇಶದವಳು, ತಾನೇ ಬಾಯಿಬಿಟ್ಟು ಹೇಳುತ್ತಾಳೆ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ. ತಹಶೀಲ ಕಚೇರಿಯಿಂದ ವಿಚಾರಣೆಗೆ ಕರೆ ಬಂತು. ವೋಟು ಹೋದರೆ ಹೋಗಲಿ ಎನ್ನುವ ಹೆಂಗಸಲ್ಲ ಅವಳು. ಗಂಡ ಸತ್ತ ವರ್ಷ ಇದ್ದತ್ತಿನ, ಅಂದರೆ ವಿಧವೆ ಮನೆಯೊಳಗೇ ಇರಬೇಕಾದ, ದಿನಗಳಲ್ಲಿ ಹೊಸ್ತಿಲು ದಾಟಬಾರದೆಂದರೂ ಕೇಳದೆ, ವೋಟು ಹಾಕಿ ಬಂದು ನಾದಿನಿಯರಿಂದ ಬೈಸಿಕೊಂಡವಳು.

"ಇವತ್ತ ವೋಟು ಕಸಕೊಂಡ್ರ ನಾಳೆ ಮನಿ ಬಿಡು ಅಂತಾರ. ಖುಷ್ಬೂಗ ನೀ ಯಾವ ದೇಶದಾಕಿ ಅಂತ ಕೇಳಿದ್ರ ನಾ ಏನ್ ಮಾಡ್ಲಿ?" ಮಗಳ ಚಿಂತೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಪಕ್ಕದಲ್ಲಿ ಪೇರಲಹಣ್ಣು ಮಾರುವ ಭಾಗೀರಥಿಬಾಯಿ ಜೊತೆಗೆ ಬಂದಳು. "ಬಾಯಿ ಜ್ವಾಕಿ ಅಕ್ಕಾ. ಅಲ್ಲಿ ನಿನ್ನ ಅಸಲಿ ಗಿಸಲಿ ಸುರು ಮಾಡಬ್ಯಾಡ."

"ನಾ ಏನ್ ಹುಚ್ಚಿ ಇದ್ದೀನೇನು?" ಎಂದಳೇನೋ ಸರಿ, ಕಚೇರಿಯ ಬಾಗಿಲಲ್ಲಿ ಭಾಗೀರಥಿಯ ಕೈ ಬಿಡಲೊಲ್ಲಳು.

"ಮಂದಿ ಮುಂದ ಇರಾನಿ ಅಂತ ಹೇಳ್ತೀರಂತ, ಖರೇ ಏನ್ರಿ?" ಅಧಿಕಾರಿ ಕೇಳಿದರು.

"ವ್ಯಾಪಾರದ ಮಾತ್ರಿ ಸಾಹೇಬ್ರ! ಧಾರವಾಡ ನೋಡದವರೂ ಧಾರವಾಡ ಪೇಡೆ ಅಂತ ಮಾರ್ತಾರ, ಅವರಿಗಿ ಯಾರ್ ಕೇಳ್ತಾರ್ರಿ?"

ಅಧಿಕಾರಿ ನಕ್ಕರು. ರಹೀಮುನ್ನಿಸಾಳಿಗೆ ಹೋದ ಜೀವ ಬಂದಂತಾಯಿತು.

"ಅಪ್ಪನ ಹೆಸರು?"

"ಕರೀಮ ಸಾಬ."

"ಅಜ್ಜಂದು?"

ಇಡೀ ಹೆಸರು ಹೇಳಿದರೆ ಕೆಟ್ಟೆ, ಹೇಳದಿದ್ದರೆ ಅಜ್ಜನಿಗೆ ಏನು ಮುಖ ತೋರಿಸಲಿ? ತನ್ನ ಹೆಸರನ್ನು ಒಂದು ಅಕ್ಷರ ಬಿಡದೆ ಹೇಳಲು ಮೊಮ್ಮಗಳಿಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದವನು ಅವನು.

"ಕುತುಬೋದ್ದೀನ."

"ಮುಂದ?"

"ಮುಂದ ಏನೂ ಇಲ್ಲರಿ. ಬರೇ ಕುತುಬೋದ್ದೀನ."

ಅಷ್ಟೇ ಬರೆದುಕೊಂಡ ಅಧಿಕಾರಿ, "ನಿಮ್ಮ ವೋಟು ಎಲ್ಲೂ ಹೋಗಂಗಿಲ್ಲ, ನಡೀರಿ" ಎಂದರು.

ಹೊರಗೆ ಭಾಗೀರಥಿಬಾಯಿ ತೆಕ್ಕೆಗೆ ಬಿದ್ದು, "ಗೆದ್ದಿ ನೋಡಕ್ಕಾ!" ಎಂದು ಕುಣಿದಾಡಿದಳು. ರಹೀಮುನ್ನಿಸಾ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗೊತ್ತಿಕೊಂಡು ಬಿಕ್ಕಿದಳು.

"ನನ್ನ ಹೆಸರು ಉಳಿಸ್ಕೊಳ್ಳಲಕ್ಕ ದಾದಾನ ಹೆಸರು ಅರ್ಧಾ ಕಡದು ಬಂದೀನಿ, ಭಾಗೀರಥಿ."