ದಡದ ಮೇಲೆ ಬೆಳೆಯುವ ಮೀನು

ಅಮೆರಿಕದ ಗ್ವಾಡಲೂಪೆ ಹೊಳೆಯಲ್ಲಿ ನಮ್ಮ ಕನ್ನಡದವರನ್ನು ದೋಣಿ ಹತ್ತಿಸಿ ಟ್ರೌಟ್ ಮೀನು ಹಿಡಿಸುವ ಗೈಡ್ ಶಿವಪುತ್ರಪ್ಪನವರ ಮೀನು ಬೆಳೆಯುವುದೇ ದಡಕ್ಕೆ ಬಂದ ಮೇಲೆ. ಹೊಳೆಯಲ್ಲಿ ಗೇಣುದ್ದ ಇದ್ದದ್ದು ಸೀಡರ್ ಪಾರ್ಕ್ ಊರು ಮುಟ್ಟುವಷ್ಟರಲ್ಲಿ ಮೊಳವಾಗಿ, ಕೇಟಿ ಊರಿನ ನಮ್ಮವರ ಊಟದ ಪಂಕ್ತಿಯಲ್ಲಿ ಮಾರುದ್ದ ಮೈಚಾಚುತ್ತದೆ. ಅಳತೆ ತೋರಿಸಲು ಕೈ ಅಗಲಿಸಿ ಪಕ್ಕದವರ ಮಜ್ಜಿಗೆ ಲೋಟ ಉರುಳಿಸದಿದ್ದರೆ ಅವರಿಗೆ ಉಂಡದ್ದು ಮೈಗೆ ಹತ್ತದು. "ನನ್ನ ಕೈನ ಸಾಲಂಗಿಲ್ಲ ನೋಡ್ರಿ," ಎನ್ನುತ್ತಾರೆ. ಮೊನ್ನೆ ಅವರ ದೋಣಿಯಲ್ಲಿ, ಮಾತೇ ಕಡಿಮೆಯಾದ ಕುಮುದಾ ಆಂಟಿಗೆ ನಿಜಕ್ಕೂ ಮೊಳದುದ್ದದ ಮೀನು ಸಿಕ್ಕಿ, ಫೋಟೋ ತೆಗೆಯುವ ಮೊದಲೇ ಜಾರಿಹೋಯಿತು. ಪಂಕ್ತಿಯಲ್ಲಿ ಆಂಟಿ ಅದನ್ನು ಹೇಳಿದಾಗ "ಆಂಟೀನೂ ಶಿವಪುತ್ರಪ್ಪ ಅಂಕಲ್ ಶಿಷ್ಯೆ ಆಗ್ಬಿಟ್ರು" ಎಂದು ಎಲ್ಲರೂ ನಕ್ಕರು. ಆಂಟಿ ತಲೆ ತಗ್ಗಿಸಿದರು. ಶಿವಪುತ್ರಪ್ಪ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನನ್ನವೆಲ್ಲಾ ಗೇಣುದ್ದನ ಇದ್ದವು ರೀ. ಈ ಅಕ್ಕಾರ್ದು ಖರೇನ ಮೊಳ."