ಇಸ್ಫಹಾನಿನ ಸೇತುವೆಯ ಕೆಳಗೆ ನಾನು ಹಾಡಿದ ಹಾಡು

ಇಸ್ಫಹಾನಿನ ಖಾಜು ಸೇತುವೆಯ ಕೆಳಗೆ ಐವತ್ತು ಜನ ಇರಾನಿಯರು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು. ನಾನು ಹಾಡಬೇಕಂತೆ!

ನಾನು ಅಲ್ಲಿಗೆ ಹೋಗಿದ್ದು ಪುಣೆ ಹತ್ತಿರದ ಭೋಸರಿಯ ನಮ್ಮ ಫ್ಯಾಕ್ಟರಿಯ ಪಂಪು ಜೋಡಿಸಿಕೊಡಲು. ಕೆಲಸ ಮುಗಿದ ಸಂಜೆ ಅಲ್ಲಿನ ಎಂಜಿನಿಯರ್ ಬೆಹ್ರೂಜ್ ಊರು ತೋರಿಸಿದರು. ಕುತ್ತಿಗೆ ನೋಯುವಷ್ಟು ಎತ್ತರದ ನೀಲಿ ಗುಮ್ಮಟಗಳು… ಆಮೇಲೆ ಈ ಹಳೆಯ ಸೇತುವೆ.

ನದಿಯಲ್ಲಿ ಹನಿ ನೀರಿಲ್ಲ. ಆದರೂ ಕಮಾನುಗಳ ಕೆಳಗೆ ಜನ ಸೇರಿ ಹಾಡುತ್ತಾರೆ, ಕಲ್ಲಿನ ಗೋಡೆ ದನಿಯನ್ನು ಇಮ್ಮಡಿ ಮಾಡುತ್ತದೆ.

ಕೋಟು ತೊಟ್ಟ ಅಜ್ಜ ಒಬ್ಬರು ಹಾಡಿದರು. ಒಂದಕ್ಷರ ತಿಳಿಯದಿದ್ದರೂ ಜೋರಾಗಿ "ವಾಹ್!" ಅಂದೆ.

ಅದೇ ತಪ್ಪಾಯಿತು. ಅಜ್ಜ ನನ್ನ ಕೈ ಹಿಡಿದು ನಡುವೆ ತಂದು ನಿಲ್ಲಿಸಿದರು. "ಈಗ ಮೆಹಮಾನ್, ಅಂದರೆ ಅತಿಥಿ, ಹಾಡಬೇಕಂತೆ," ಎಂದರು ಬೆಹ್ರೂಜ್.

ನನ್ನ ದನಿ ಗೊತ್ತಿದ್ದವರಿಗೆ ಗೊತ್ತು. ಪುಣೆಯ ನಮ್ಮ ಸೊಸೈಟಿಯ ಭಜನಾ ಮಂಡಳಿಯಲ್ಲಿ ನನಗೆ ಕೊಟ್ಟಿರುವುದು ಚಪ್ಪಲಿ ಕಾಯುವ ಕೆಲಸ.

ಕಣ್ಣು ಮುಚ್ಚಿ ಆಲಾಪ ತೆಗೆದೆ. ಆಲಾಪ ಮುಗಿಯಿತು, ಸಾಹಿತ್ಯ ಬರಲಿಲ್ಲ. ದಾಸರ ಪದ, ವಚನ, ಅಭಂಗ… ತಲೆ ಪೂರ್ತಿ ಖಾಲಿ.

ಬಾಯಿಗೆ ಬಂದದ್ದು ಹದಿನೆಂಟು ವರ್ಷ ದಿನಾ ದಾಟಿದ ಬಸ್ ಸ್ಟಾಪುಗಳು. "ಶಿವಾಜಿನಗರಾ… ಖಡಕೀ… ದಾಪೋಡೀ… ಕಾಸಾರವಾಡೀ…"

ಕಾಸಾರವಾಡಿಯಲ್ಲಿ ಟ್ರಾಫಿಕ್ ಜಾಸ್ತಿ, ಅಲ್ಲಿ ಸ್ವಲ್ಪ ಎಳೆದೆ. "ಭೋಸರೀ" ಎಂದು ಮುಗಿಸುವಾಗ ಯಾಕೋ ಊರು ನೆನಪಾಗಿ ನಿಜವಾಗಿಯೂ ದನಿ ನಡುಗಿತು.

ಕಣ್ಣು ತೆರೆದರೆ ಅಜ್ಜ ಅಳುತ್ತಿದ್ದಾರೆ!

"ಇವೆಲ್ಲ ನೀವು ಕಳೆದುಕೊಂಡವರ ಹೆಸರುಗಳೇ ಅಂತ ಕೇಳ್ತಿದ್ದಾರೆ," ಬೆಹ್ರೂಜ್ ಪಿಸುಗುಟ್ಟಿದರು.

"ಇಲ್ಲ, ನಮ್ಮೂರಿನ ದಾರಿ," ಅಂದೆ. ಸುಳ್ಳಲ್ಲವಲ್ಲ! ಬಸ್ಸಿನ ಸುದ್ದಿ ಮಾತ್ರ ಎತ್ತಲಿಲ್ಲ. ಅಜ್ಜ ಇನ್ನೂ ಜೋರಾಗಿ ಅತ್ತು, ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು, ಒಂದೊಂದೇ ಹೆಸರು ಹೇಳಿಸಿಕೊಂಡು ಬರೆದುಕೊಂಡರು.

ಮೊನ್ನೆ ಬೆಹ್ರೂಜ್ ಒಂದು ವಿಡಿಯೋ ಕಳಿಸಿದ್ದಾರೆ. ಅದೇ ಸೇತುವೆ. ಅಜ್ಜ ಹಾಡುತ್ತಿದ್ದಾರೆ, ಸುತ್ತಲಿನವರು ಒಟ್ಟಿಗೇ "ದಾಪೋಡೀ…" ಎಂದು ದನಿಗೂಡಿಸುತ್ತಿದ್ದಾರೆ.

ನನ್ನ ಹೆಂಡತಿ ಎರಡು ಸಲ ನೋಡಿ ಕಣ್ಣೊರೆಸಿಕೊಂಡಳು.

"ಭಾಳ ಛಂದ ಹಾಡ್ಯಾರ್ರೀ. ಆದ್ರ ನಡುವ ನಾಶಿಕ್ ಫಾಟಾ ಯಾಕ ಬಿಟ್ರಿ?"

ಈಗ ಅಜ್ಜನಿಗೆ ಬಸ್ಸಿನ ವಿಷಯ ಹೇಳಿಬಿಡಲೋ, ಬಿಟ್ಟುಹೋದ ಸ್ಟಾಪನ್ನಷ್ಟೇ ಕಳಿಸಲೋ… ನೀವೇ ಹೇಳಿ?